ಹಿಡಿದು ನಿಂತವರ ಕೆಲಸ

ಆ ದಿನ ಪಾಠಕ್ಕೆ ನಿಂತಾಗ ಗೌಸಮೊದ್ದೀನ ಮಾಸ್ತರರಿಗೇ ಕಣ್ಣು ಎಳೆಯುತ್ತಿದ್ದವು. ಯುದ್ಧದ ಕಾಲ. ಹುಬ್ಬಳ್ಳಿಯಿಂದ ಬೆಳಗಿನ ರೈಲು ಹಿಡಿದು ಧಾರವಾಡಕ್ಕೆ ಬರುವುದು, ಶಿಕ್ಷಕಿಯರಾಗಲು ತರಬೇತಿಗೆ ಬಂದ ಹೆಂಗಸರಿಗೆ ವಿಜ್ಞಾನ ಕಲಿಸುವುದು, ಸಂಜೆ ಸಿಪಾಯಿಗಳಿಂದ ಕಿಕ್ಕಿರಿದ ಡಬ್ಬಿಯಲ್ಲಿ ನಿಂತುಕೊಂಡೇ ಮನೆಗೆ ಮರಳುವುದು, ಇದು ಅವರ ದಿನಚರಿ. ಅದೊಂದೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಮನೆಯಲ್ಲಿ ತಂದೆ ಕಾಸಿಮಸಾಬರಿಗೆ ಲಕ್ವಾ ಹೊಡೆದು ಬಲಮೈ ಪೂರ್ತಿ ಬಿದ್ದುಹೋಗಿತ್ತು. ಮಲಗಿಸಿದರೆ ಎದೆಯಲ್ಲಿ ಕಫ ಕಟ್ಟಿ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಕೂರಿಸಿದರೆ ಬಲಕ್ಕೆ ವಾಲಿ ಬೀಳುತ್ತಿದ್ದರು. ಗೋಡೆಗೆ ದಿಂಬು ಆನಿಸಿ ನೋಡಿದ್ದಾಯಿತು, ನಿಲ್ಲಲಿಲ್ಲ. ಹಗಲು ಹೆಂಡತಿ ಇಮಾಮಬಿ, ರಾತ್ರಿ ಮಾಸ್ತರರು, ಮುದುಕರ ಬೆನ್ನ ಹಿಂದೆ ಕೂತು ಅವರನ್ನು ಎದೆಗೆ ಒರಗಿಸಿಕೊಂಡು ಹಿಡಿದಿರುತ್ತಿದ್ದರು.

ಆ ವರ್ಷ ವಿಜ್ಞಾನವನ್ನು ಕನ್ನಡದಲ್ಲೇ ಕಲಿಸಬೇಕೆಂದು ಮೇಲಧಿಕಾರಿಗಳು ಹೇಳಿದ್ದರು. ಇಂಗ್ಲಿಷಿನಲ್ಲಿ ಫೋರ್ಸ್, ಪವರ್, ಎನರ್ಜಿ ಎಂದು ಮೂರು ಬೇರೆ ಮಾತುಗಳಿದ್ದವು. ಊರಿನ ಜನ ಮೂರಕ್ಕೂ ಶಕ್ತಿ ಎಂದೇ ಅನ್ನುತ್ತಿದ್ದರು. ಮಾಸ್ತರರು ರೈಲಿನಲ್ಲಿ ನಿಂತು ಇದನ್ನೇ ಯೋಚಿಸಿ, ಎನರ್ಜಿಗೆ ಶಕ್ತಿ ಎಂಬ ಮಾತನ್ನು ಮೀಸಲಿಟ್ಟರು.

"ಶಕ್ತಿ ಅಂದ್ರ ಕೆಲಸಾ ಮಾಡೋ ಕಸುವು," ಎಂದು ಹಲಗೆಯ ಮೇಲೆ ಬರೆದರು. "ಅದರ ರೂಪ ಬ್ಯಾರೆ ಬ್ಯಾರೆ. ಓಡೋ ಟಾಂಗಾದಾಗ ಇರೂದು ಚಲನೆಯ ಶಕ್ತಿ. ಮಾಳಗಿ ಮ್ಯಾಲಿಟ್ಟ ಕಲ್ಲಿಗೆ ಬೀಳೋ ಕಸುವು ಐತಿ, ಅದು ಎತ್ತರದಿಂದ ಬಂದ ಶಕ್ತಿ. ಕಟ್ಟಿಗ್ಯಾಗ, ಉಣ್ಣೋ ರೊಟ್ಟ್ಯಾಗ ಅಡಗಿದ್ದು ರಾಸಾಯನಿಕ ಶಕ್ತಿ. ಒಲಿ ಹಚ್ಚಿದ್ರ ಅದs ಶಾಖ ಆಗತೈತಿ, ಬೆಳಕ ಆಗತೈತಿ."

ಅಂಗೈಗಳನ್ನು ಜೋರಾಗಿ ಉಜ್ಜಿಕೊಂಡು ಕೆನ್ನೆಗೆ ಇಟ್ಟುಕೊಳ್ಳಲು ಹೇಳಿದರು. ಹೆಂಗಸರು ನಾಚುತ್ತಲೇ ಉಜ್ಜಿದರು. ಚಲನೆ ಶಾಖವಾಗುವುದು ಅವರಿಗೆ ಕೂಡಲೇ ತಿಳಿಯಿತು. ಹಿಂದಿನ ಬೆಂಚಿನಲ್ಲಿ ರತ್ನವ್ವ ಮಾತ್ರ ಕೈ ಉಜ್ಜದೆ ಗೋಡೆಗೆ ತಲೆಯಿಟ್ಟು ತೂಕಡಿಸುತ್ತಿದ್ದಳು. ಅರಳೆ ವ್ಯಾಪಾರದ ಮನೆತನದವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು.

ಮಾಸ್ತರರು ಮುಂದುವರಿದರು. "ಈಗ ಕೆಲಸ ಅಂದ್ರೇನು? ಬಲಾ ಹಾಕಿದಾಗ ವಸ್ತು ಸರೀಬೇಕು, ಅಂದ್ರ ಕೆಲಸಾ ಆತು. ಕೊಡಾ ಎತ್ತಿದ್ರಿ, ಕೆಲಸ ಆತು. ಎತ್ತಿದ ಕೊಡಾ ಹಿಡಕೊಂಡು ಮುಂಜಾನಿಂದ ಸಂಜೀತನಕ ಸುಮ್ನ ನಿಂತ್ರಿ, ವಿಜ್ಞಾನದ ಲೆಕ್ಕದಾಗ ನೀವು ಏನೂ ಕೆಲಸಾ ಮಾಡ್ಲಿಲ್ಲ."

ತರಗತಿ ನಕ್ಕಿತು. ಆ ನಗೆಗೆ ಪೂರ್ತಿ ಎಚ್ಚೆತ್ತ ರತ್ನವ್ವ ಕೊನೆಯ ಮಾತನ್ನು ತೂಕಡಿಕೆಯಲ್ಲೇ ಕೇಳಿಸಿಕೊಂಡಿದ್ದಳು.

"ಮಾಸ್ತರ್ರ, ಒಂದ್ ಮಾತು ಕೇಳ್ಲೇನ್ರಿ? ಇವತ್ತ ರೇಶನ್ ಅಂಗಡಿ ಮುಂದ ಪಾಳಿ ಹಚ್ಚಿ ನಿಂತಿದ್ನಿ. ನಮ್ಮ ತಮ್ಮನ ಕೂಸು ಬಗಲಾಗಿತ್ತು, ಕೆಳಗಿಳಿಸಿದ್ರ ಅಳತಿತ್ತು. ಪಾಳಿ ಸರೀಲೇ ಇಲ್ಲ. ನಾನೂ ಸರೀಲಿಲ್ಲ. ಹಂಗಾರ ನಾ ಏನೂ ಮಾಡ್ಲಿಲ್ಲೇನ್ರಿ? ಮತ್ತ ಈ ರಟ್ಟಿ ಯಾಕ ಹಿಂಗ ಬೀಳಾಕತ್ತಾವ?"

ಅವಳ ಧ್ವನಿಯಲ್ಲಿ ವಾದವಿರಲಿಲ್ಲ, ದಣಿವಿತ್ತು. ಮಾಸ್ತರರು, "ಅದು ಬ್ಯಾರೆ ಮಾತು, ರತ್ನವ್ವಾರ. ಲೆಕ್ಕದ ಕೆಲಸ ಬ್ಯಾರೆ, ಮನಿ ಕೆಲಸ ಬ್ಯಾರೆ," ಎಂದು ಹೇಳಿ ಗಂಟೆಯಾಗುವುದನ್ನೇ ಕಾದರು. ಅವಳು "ಹೌದ್ರಿ" ಎಂದು ಕುಳಿತಳು. ತಾನು ಕೊಟ್ಟದ್ದು ಉತ್ತರವಲ್ಲವೆಂದು ಅವರಿಗೆ ಗೊತ್ತಿತ್ತು.

ಸಂಜೆ ಮನೆಗೆ ಬಂದಾಗ ಇಮಾಮಬಿ ಹೊರಸಿನ ಮೇಲೆ ಮಾವನನ್ನು ಹಿಡಿದು ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಮಾಸ್ತರರು ಟೋಪಿ ತೆಗೆದು ಗೂಟಕ್ಕೆ ಹಾಕುತ್ತ, ಅವಳನ್ನು ನಗಿಸಲೆಂದು, ತರಗತಿಯ ಸಂಗತಿ ಹೇಳಿದರು.

"ಪುಸ್ತಕದ ಪ್ರಕಾರ ನೀನೂ ಮುಂಜಾನಿಂದ ಏನೂ ಕೆಲಸಾ ಮಾಡಿಲ್ಲ ನೋಡು."

ಇಮಾಮಬಿ ನಗಲಿಲ್ಲ. "ಹಂಗಾದ್ರ ಆ ಪುಸ್ತಕಕ್ಕ ಬಂದು ಹಿಡಕೊಂಡು ಕುಂಡ್ರು ಅನ್ರಿ," ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ನೀವು ಅನಬಾರದಿತ್ತು," ಎಂದಳು.

ಮಾಸ್ತರರು ಅವಳ ಜಾಗದಲ್ಲಿ ಕೂತು ತಂದೆಯನ್ನು ಎದೆಗೆ ಒರಗಿಸಿಕೊಂಡರು. ಇಮಾಮಬಿ ಎದ್ದವಳು ಸೊಂಟ ನೆಟ್ಟಗಾಗದೆ ಬಾಗಿಲ ಚೌಕಟ್ಟು ಹಿಡಿದು ಕೆಲಹೊತ್ತು ನಿಂತಳು. ದಿನವೂ ಹೀಗೇ ನಿಲ್ಲುತ್ತಿದ್ದಳೋ ಏನೋ, ಅವರು ನೋಡಿರಲಿಲ್ಲ. ರಾತ್ರಿಯ ಸರದಿಯಲ್ಲಿ ಅವರು ಅರೆನಿದ್ದೆಯಲ್ಲಿ ಹಿಡಿದಿರುತ್ತಿದ್ದರು. ಇಂದು ಎಚ್ಚರದಿಂದ ಹಿಡಿದಿದ್ದರು. ತಂದೆ ಅಲುಗಲಿಲ್ಲ, ಅವರೂ ಅಲುಗಲಿಲ್ಲ. ಆದರೂ ತೋಳಿನ ಸ್ನಾಯುಗಳು ಸಣ್ಣಗೆ ನಡುಗತೊಡಗಿದವು. ಅಂಗಿ ಬೆವರಿನಿಂದ ಮೈಗೆ ಅಂಟಿತು. ಹೊರಗೆ ತಣ್ಣನೆಯ ಗಾಳಿಯಿತ್ತು. ಈ ಬಿಸಿ ಎಲ್ಲಿಂದ ಬಂತು ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಮಧ್ಯಾಹ್ನದ ರೊಟ್ಟಿಯಿಂದ, ಮತ್ತೆಲ್ಲಿಂದ?

ಮರುದಿನ ಹಾಜರಿ ಮುಗಿದ ಕೂಡಲೇ ಮಾಸ್ತರರು ಹೇಳಿದರು, "ನಿನ್ನಿ ನಾ ಅರ್ಧಾ ಪಾಠ ಹೇಳಿದ್ನಿ. ಕೂಸಿನ್ನ ಹಿಡಕೊಂಡು ನಿಂತಾಗ ಕೂಸಿನ ಮ್ಯಾಲ ಕೆಲಸ ಆಗೂದಿಲ್ಲ, ಅದು ಖರೇ. ಆದ್ರ ಮೈಯೊಳಗ ಸ್ನಾಯು ಸುಮ್ನಿರೂದಿಲ್ಲ. ಬಿಗೀತಾವ, ಸಡ್ಲ ಆಗತಾವ, ಮತ್ತ ಬಿಗೀತಾವ. ಉಂಡ ಅನ್ನದ ಶಕ್ತಿ ಖರ್ಚಾಗಿ ಶಾಖ ಆಗತೈತಿ. ಅದಕ್ಕs ಬೆವರು, ಅದಕ್ಕs ದಣಿವು. ರತ್ನವ್ವಾರ, ನೀವು ಶಕ್ತಿ ಖರ್ಚ ಮಾಡಿದ್ರಿ. ಸುಳ್ಳಲ್ಲ."

ರತ್ನವ್ವ ಯೋಚಿಸಿ ಕೇಳಿದಳು. "ಆ ಶಾಖ ಎಲ್ಲಿ ಹೋತ್ರಿ?"

"ಗಾಳ್ಯಾಗ ಹೋತು. ಅಳಿಯೂದಿಲ್ಲ, ಇಲ್ಲೇ ಎಲ್ಲೋ ಇರತೈತಿ."

"ತಿರುಗಿ ನಮಗ ಸಿಗತೈತೇನ್ರಿ?"

"ಇಲ್ರಿ. ಚದರಿ ಹೋದದ್ದು ಕೂಡಿಸಾಕ ಬರೂದಿಲ್ಲ. ಮತ್ತ ಉಣಬೇಕು, ಮಲಗಬೇಕು, ಅಷ್ಟ."

ಯಾರೂ ನಗಲಿಲ್ಲ. ಮುಂದಿನ ಬೆಂಚಿನಿಂದ ಚನ್ನಬಸವ್ವ ಎಂಬ ಹುಡುಗಿ, "ಗೂಟಕ್ಕ ಚೀಲಾ ತೂಗಹಾಕ್ತೇವಿ. ಗೂಟಾನೂ ಹಂಗs ದಣೀತೈತೇನ್ರಿ?" ಎಂದಳು.

"ಇಲ್ಲ. ಗೂಟಕ್ಕ ಬಿಗಿಯೋ ಸ್ನಾಯು ಇಲ್ಲ. ಕಟ್ಟಿಗಿ ಏನೂ ಖರ್ಚು ಮಾಡದs ಹಿಡಕೊಂಡಿರತೈತಿ, ವರ್ಷಾನುಗಟ್ಟಲೆ..."

ಮಾತು ಅಲ್ಲಿಗೇ ನಿಂತಿತು. ಮಾಸ್ತರರಿಗೆ ಮನೆಯಲ್ಲಿ ವಾಲಿ ಬೀಳುವ ತಂದೆ ನೆನಪಾದರು. ದಿಂಬು ಜಾರುತ್ತದೆ, ಮನುಷ್ಯ ದಣಿಯುತ್ತಾನೆ. ಕಟ್ಟಿಗೆಯ ಆಸರೆಯನ್ನು ತಾವು ಯಾಕೆ ಯೋಚಿಸಲಿಲ್ಲ? ಇಷ್ಟು ಸಣ್ಣ ವಿಚಾರಕ್ಕೂ ತಲೆಯಲ್ಲಿ ತ್ರಾಣ ಉಳಿದಿರಲಿಲ್ಲ.

ಆ ಸಂಜೆ ಹುಬ್ಬಳ್ಳಿ ಸ್ಟೇಶನ್ನಿನಿಂದ ನೇರ ಕೇಶ್ವಾಪುರಕ್ಕೆ ನಡೆದು, ತಂದೆಯ ಹಳೆಯ ಗೆಳೆಯ, ಬಡಿಗತನದ ಅಹಮದಸಾಬರ ಮನೆಗೆ ಹೋದರು. ಇಬ್ಬರೂ ಅಂಗಳದಲ್ಲಿ ಕೂತು ಇದ್ದಲಿನಿಂದ ನೆಲದ ಮೇಲೆ ಒಂದು ಕುರ್ಚಿಯ ಗೆರೆ ಎಳೆದರು. ಹಿಂದಕ್ಕೆ ಓರೆಯಾದ ಬೆನ್ನು, ಬಲಗಡೆ ಎತ್ತರದ ತಡೆ, ಎದೆಗೆ ಅಡ್ಡ ಒಂದು ಪಟ್ಟಿ. ವಾರದೊಳಗೆ ಕುರ್ಚಿ ಬಂತು.

ಕಾಸಿಮಸಾಬರು ಅದನ್ನು ನೋಡಿ ಮುಖ ತಿರುಗಿಸಿದರು. ತೊದಲುವ ನಾಲಿಗೆಯಿಂದ, "ನನ್ನ ಕಟ್ಟಿಹಾಕ್ತೀರೇನು?" ಎಂದರು. ಮಗ ಹೇಳಿದ ವಿಜ್ಞಾನವೆಲ್ಲ ಕೇಳಿ, "ಕಟ್ಟಿಗಿ ತಣ್ಣಗಿರತೈತಿ," ಎಂದಷ್ಟೇ ಹೇಳಿ ಕಣ್ಣು ಮುಚ್ಚಿಕೊಂಡರು. ಕುರ್ಚಿ ಮೂಲೆಯಲ್ಲೇ ಉಳಿಯಿತು.

ಇಮಾಮಬಿ ಅದಕ್ಕೆ ಹಳೆಯ ಕೌದಿಯನ್ನು ಮಡಚಿ ಹೊಲಿದಳು. ಎದೆಯ ಪಟ್ಟಿ ಬಿಚ್ಚಿ, ಅದರ ಬದಲು ಮಾವನದೇ ರುಮಾಲು ಸುತ್ತಿದಳು. "ಅಬ್ಬಾಜಾನ, ಒಂದೀಟು ಹೊತ್ತು ಕುಂಡರ್ರಿ. ನಾ ಇಲ್ಲೇ ಮುಂದ ಇರ್ತೇನಿ. ನನಗೂ ಸಾಕಾಗೇತ್ರಿ," ಎಂದಳು. ಸೊಸೆ ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮುದುಕರು ಅವಳ ಮುಖವನ್ನು ನೋಡಿ, ಎತ್ತಿ ಕೂರಿಸೆಂದು ಎಡಗೈ ಚಾಚಿದರು. ಅವರು ಕುರ್ಚಿಯಲ್ಲಿ ಕೂತರು, ವಾಲಲಿಲ್ಲ. ಮುಂಜಾನೆ ಮತ್ತು ರಾತ್ರಿ ಮಾತ್ರ ಮನುಷ್ಯರೇ ಹಿಡಿಯಬೇಕೆಂದು ಹಟ ಮಾಡಿದರು, ಮಧ್ಯಾಹ್ನವನ್ನು ಬಿಟ್ಟುಕೊಟ್ಟರು.

ಮುಂದಿನ ರವಿವಾರ ಮಧ್ಯಾಹ್ನ ಮಾಸ್ತರರು ಸಂತೆಯಿಂದ ಬಂದು ಒಳಗೆ ಕಾಲಿಟ್ಟರೆ ಮನೆ ನಿಶ್ಶಬ್ದವಾಗಿತ್ತು. ಇಮಾಮಬಿ ಬರಿನೆಲದ ಮೇಲೆ ಸೆರಗು ಹೊದ್ದು, ಬಾಯಿ ಅರೆತೆರೆದು ಗಾಢನಿದ್ದೆಯಲ್ಲಿದ್ದಳು. ಕಾಸಿಮಸಾಬರು ಕುರ್ಚಿಯಲ್ಲಿ ಎಚ್ಚರವಾಗಿದ್ದರು. ತುಟಿ ಒಣಗಿತ್ತು, ನೀರು ಬೇಕಾಗಿತ್ತೆಂದು ಕಾಣುತ್ತದೆ. ಮಗನನ್ನು ಕಂಡೊಡನೆ ಅವರು ಎಡಗೈಯ ಬೆರಳನ್ನು ನಿಧಾನವಾಗಿ ಎತ್ತಿ, ಮಲಗಿದ್ದ ಸೊಸೆಯತ್ತ ನೋಡಿ, ತುಟಿಯ ಮೇಲಿಟ್ಟುಕೊಂಡರು.

ಮಾಸ್ತರರು ಸಪ್ಪಳವಾಗದಂತೆ ಚೀಲ ಕೆಳಗಿಟ್ಟು, ತಂದೆಗೆ ನೀರು ತರಲು ತುದಿಗಾಲಲ್ಲಿ ಒಳಗೆ ಹೋದರು.