ಸಿಂದಗಿಯ ಲಕೋಟೆಗಳು

ಶ್ರೀಶೈಲಪ್ಪ ಮುದ್ದೇಬಿಹಾಳದ ಕಾಲೇಜಿನಲ್ಲಿ ಗಣಿತ ಕಲಿಸಲು ಹತ್ತಿ ಇಪ್ಪತ್ತೆರಡು ವರ್ಷವಾಗಿತ್ತು. ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ ಪಡೆದವನು. ಪದಕ ಮನೆಯ ಪಡಸಾಲೆಯ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿತ್ತು, ಬಂದವರು ಕೇಳದಿದ್ದರೆ ಅವನ ಕಣ್ಣೇ ಅತ್ತ ಹೋಗುತ್ತಿತ್ತು. ಮುಂಬಯಿಯಲ್ಲಿ ಗಣಕಯಂತ್ರದ ಬಗ್ಗೆ ಎರಡು ತಿಂಗಳ ಬೇಸಿಗೆ ತರಬೇತಿ ಇದೆ, ಒಬ್ಬರನ್ನು ಕಳಿಸಬಹುದು ಎಂದು ೧೯೭೭ರಲ್ಲಿ ಕಾಗದ ಬಂದಾಗ ಅರ್ಜಿ ಹಾಕಿದ ಮೊದಲನೆಯವನು ಅವನೇ. ಪ್ರಿನ್ಸಿಪಾಲ ಮಡಿವಾಳಪ್ಪ ಕಳಿಸಿದ್ದು ಮಾತ್ರ ಧರೆಪ್ಪನನ್ನು.

ಧರೆಪ್ಪನಿಗೆ ಇಪ್ಪತ್ತೆಂಟು ವರ್ಷ. ಆಲಮೇಲದವನು. ಅವನ ತಾಯಿ ಸೀತವ್ವ ಪರರ ಕಬ್ಬಿನ ಹೊಲದಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದವಳು. ಒಬ್ಬನ ಹುಟ್ಟು, ಬಡತನದಂಥ ಸಂಗತಿಯನ್ನು ತಾನು ಎಂದೂ ಮನಸ್ಸಿಗೆ ತಂದುಕೊಂಡವನಲ್ಲ ಎಂದು ಶ್ರೀಶೈಲಪ್ಪ ನಂಬಿದ್ದ. ಆ ಬೇಸಿಗೆಯಲ್ಲಿ ತಂದುಕೊಂಡ. ತಂದುಕೊಂಡೆನಲ್ಲ ಎಂದು ನಾಚಿಕೆಪಟ್ಟು, ನಾಚಿಕೆಯ ಸಿಟ್ಟನ್ನೂ ಧರೆಪ್ಪನ ಮೇಲೆಯೇ ಹೊರಿಸಿದ.

ಧರೆಪ್ಪ ಮುಂಬಯಿಯಿಂದ ಹೊಸ ಹುಚ್ಚು ಹಿಡಿಸಿಕೊಂಡು ಬಂದ. ಒಂದು ದೊಡ್ಡ ಲೆಕ್ಕವನ್ನು ಒಂದೇ ಯಂತ್ರಕ್ಕೆ ಕೊಡದೆ ಹರಿದು ಹಂಚಿ ಹಲವು ಯಂತ್ರಗಳಿಂದ ಏಕಕಾಲಕ್ಕೆ ಮಾಡಿಸುವ ಬಗೆ ಹೇಗೆ ಎಂದು ಅಲ್ಲಿಯವರು ತಲೆ ಕೆಡಿಸಿಕೊಂಡಿದ್ದಾರಂತೆ. ಇದರ ಬಗ್ಗೆ ನಮ್ಮ ಕಾಲೇಜಿನಲ್ಲೇ ಎರಡು ದಿನದ ಕಾರ್ಯಾಗಾರ ನಡೆಸೋಣ ಎಂದು ಅವನು ಹೇಳಿದಾಗ ಸಿಬ್ಬಂದಿ ಕೋಣೆಯಲ್ಲಿ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಶ್ರೀಶೈಲಪ್ಪ.

"ಜಿಲ್ಲಾದಾಗ ಒಂದು ಕಂಪ್ಯೂಟರ್ ಇಲ್ಲ. ಏನು ಹಂಚತೀಯಪಾ?"

"ಯಂತ್ರ ಇಲ್ರಿ ಸರ, ಖರೆ. ಲೆಕ್ಕ ಮಾಡೋ ಮಂದಿ ಅದಾರಲ್ರಿ," ಎಂದ ಧರೆಪ್ಪ. "ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ನಮ್ಮ ಈ ಮುದ್ದೇಬಿಹಾಳ. ನಾಕೂ ಊರಾಗ ಗಣಿತದ ಮಾಸ್ತರು ಅದಾರ. ಒಂದೊಂದು ಊರು ಒಂದೊಂದು ಯಂತ್ರ ಅಂತ ತಿಳೀರಿ."

ಅವನು ಹಲಗೆಯ ಮೇಲೆ ಒಂದು ಚೌಕ ಬರೆದ. ಇದೊಂದು ಕಬ್ಬಿಣದ ತಗಡು. ಒಂದು ಅಂಚು ಕುದಿಯುವ ನೀರಿನಷ್ಟು ಬಿಸಿ, ಇನ್ನೊಂದು ಅರೆಬಿಸಿ, ಉಳಿದೆರಡು ತಣ್ಣಗೆ. ನಡುವಿನ ಒಂದೊಂದು ಜಾಗವೂ ಎಷ್ಟು ಬಿಸಿ? ತಗಡಿನ ಮೇಲೆ ನೂರಾ ನಲವತ್ತನಾಲ್ಕು ಚುಕ್ಕಿ ಇಡಬೇಕು. ಪ್ರತಿ ಚುಕ್ಕಿಯ ಬಿಸಿ ಎಂದರೆ ಅದರ ಸುತ್ತಲಿನ ನಾಲ್ಕು ಚುಕ್ಕಿಗಳ ಸರಾಸರಿ. ಮೊದಲು ಅಂದಾಜಿಗೆ ಏನಾದರೂ ಅಂಕಿ ಬರೆದುಕೊಂಡು, ಮತ್ತೆ ಮತ್ತೆ ಸರಾಸರಿ ತೆಗೆಯುತ್ತ ಹೋದರೆ ಕೊನೆಗೆ ಅಂಕಿಗಳು ಅಲುಗಾಡದೆ ನಿಲ್ಲುತ್ತವೆ. ಅದೇ ಉತ್ತರ. ಚೌಕವನ್ನು ಅವನು ನಾಲ್ಕು ಪಾಲು ಮಾಡಿ ಒಂದೊಂದರಲ್ಲಿ ಒಂದೊಂದು ಊರಿನ ಹೆಸರು ಬರೆದ. ಗಡಿಯ ಮೇಲಿನ ಚುಕ್ಕಿಗಳಿಗೆ ಮಗ್ಗುಲಿನ ಊರಿನ ಅಂಕಿ ಬೇಕಲ್ಲ, ಅದು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಲಕೋಟೆಯಾಗಿ ಬರುತ್ತದೆ. ಇಪ್ಪತ್ತು ದಿನದಲ್ಲಿ ಬಂದ ಉತ್ತರವನ್ನು ಕಾರ್ಯಾಗಾರದಲ್ಲಿ ಎಲ್ಲರ ಮುಂದೆ ಇಡೋಣ.

ಯಾರೂ ನಗಲಿಲ್ಲ. ವಿಚಾರ ಚೆನ್ನಾಗಿತ್ತು. ಅಷ್ಟು ಚೆನ್ನಾಗಿದ್ದದ್ದೇ ಶ್ರೀಶೈಲಪ್ಪನಿಗೆ ಸಹಿಸಲಾಗಲಿಲ್ಲ.

ಮರುದಿನ ಧರೆಪ್ಪ ಅವನ ಮನೆಗೆ ಬಂದ. "ಮುದ್ದೇಬಿಹಾಳದ ಪಾಲು ನೀವ ಮಾಡಬೇಕ್ರಿ ಸರ. ನಿಮ್ಮಷ್ಟು ಚೊಕ್ಕ ಲೆಕ್ಕದ ಕೈ ನಾಕೂ ತಾಲೂಕಿನಾಗ ಇಲ್ಲ."

ಹೊಗಳಿಕೆ ನಿಜವಾದದ್ದೇ. ಶ್ರೀಶೈಲಪ್ಪನಿಗೆ ಅದು ಕೇಳಿಸಿದ್ದು ಬೇರೆ ಥರ: ಯೋಚಿಸುವವನು ನಾನು, ಕೂಡಿಸಿ ಭಾಗಿಸುವ ಗುಮಾಸ್ತ ನೀನು. ಆದರೂ ಒಪ್ಪಿಕೊಂಡ. ಒಲ್ಲೆ ಎಂದರೆ ಹೊಟ್ಟೆಕಿಚ್ಚು ಎಂದು ಜನ ಅನ್ನುತ್ತಿದ್ದರು.

ಜನವರಿಯಲ್ಲಿ ಕೆಲಸ ಶುರುವಾಯಿತು. ಬೆಳಿಗ್ಗೆ ಎಂಟೂವರೆಗೆ ಶ್ರೀಶೈಲಪ್ಪ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದ. ಬಾಗೇವಾಡಿಯ ಲಕೋಟೆ ಒಂದು ಬಸ್ಸಿಗೆ, ಸಿಂದಗಿಯದು ತಾಳಿಕೋಟೆಯ ಮೇಲಿಂದ ಬರುವ ಇನ್ನೊಂದು ಬಸ್ಸಿಗೆ. ಆ ಎರಡನೆಯ ಬಸ್ಸಿನ ಕಂಡಕ್ಟರ್ ದಾವಲಮಲಿಕ ಲಕೋಟೆಯನ್ನು ಟಿಕೀಟಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡು ತಂದು, ಎರಡೂ ಕೈಯಿಂದ ಕೊಡುತ್ತಿದ್ದ. "ತಗೋರಿ ಸರ, ಸಿಂದಗಿ ಬಿಸಿ ಬಂತು," ಎಂದು ನಗುತ್ತಿದ್ದ.

ಐದು ದಿನ ಎಲ್ಲ ಸುಸೂತ್ರ ನಡೆಯಿತು. ಐದನೆಯ ದಿನ ಮಧ್ಯಾಹ್ನ ಪ್ರಿನ್ಸಿಪಾಲರು ಅಚ್ಚಾದ ಆಮಂತ್ರಣ ಪತ್ರಿಕೆಯನ್ನು ಎಲ್ಲರ ಕೈಗೆ ಕೊಟ್ಟರು. ಮುಂಬಯಿಯ ಸಂಶೋಧನಾ ಸಂಸ್ಥೆಯಿಂದ ಪ್ರೊಫೆಸರ್ ಬಸಂತರಾಯರು ಬರುವವರಿದ್ದರು, ಮೂಲತಃ ಇಂಡಿಯವರು. ಸಂಚಾಲಕ: ಧರೆಪ್ಪ. ಶ್ರೀಶೈಲಪ್ಪ ತನ್ನ ಹೆಸರನ್ನು ಹುಡುಕಿದ. ಕೊನೆಯ ಪುಟದಲ್ಲಿ, ಊಟ ವಸತಿಯ ವ್ಯವಸ್ಥೆ ನೋಡುವವರ ಕೆಳಗೆ, "ಹಾಗೂ ಸಹಕರಿಸಿದವರು" ಎಂಬ ಸಾಲಿನಲ್ಲಿತ್ತು.

ಮರುದಿನ ಸಿಂದಗಿಯ ಲಕೋಟೆಯನ್ನು ಅವನು ಒಡೆಯಲಿಲ್ಲ. ಮೇಜಿನ ಖಾನೆಯಲ್ಲಿ ಇಟ್ಟು ಕೀಲಿ ಹಾಕಿದ. ಹಿಂದಿನ ದಿನದ ಹಳೆಯ ಅಂಕಿಯನ್ನೇ ಹಿಡಿದು ಸರಾಸರಿ ತೆಗೆದು ಬಾಗೇವಾಡಿಗೂ ಸಿಂದಗಿಗೂ ಕಳಿಸಿದ. ಅದರ ಮರುದಿನವೂ ಹಾಗೆಯೇ. ಅದರ ಮರುದಿನವೂ. ಒಂದು ಮೂಲೆ ಕೆಟ್ಟರೆ ಇಡೀ ಲೆಕ್ಕ ಕೆಡುತ್ತದೆ ಎಂಬುದು ಅವನ ಎಣಿಕೆ. ಮುಂಬಯಿಯ ಪ್ರೊಫೆಸರರ ಮುಂದೆ ಧರೆಪ್ಪ ತಪ್ಪು ಉತ್ತರ ಹಿಡಿದು ತಲೆ ಕೆರೆದುಕೊಳ್ಳುವುದನ್ನು ನೆನೆದಾಗ ಬೆಲ್ಲ ಚೀಪಿದ ಹಾಗಾಗುತ್ತಿತ್ತು. ಜೊತೆಗೆ ಊಟ ಸೇರುತ್ತಿರಲಿಲ್ಲ. ಹೆಂಡತಿ ಕಸ್ತೂರೆವ್ವ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದಳು.

ನಾಲ್ಕನೆಯ ದಿನ, ಆ ಲಕೋಟೆಯೂ ಖಾನೆ ಸೇರಿದ ಮೇಲೆ, ಧರೆಪ್ಪ ಸೈಕಲ್ ಹೊಡೆದುಕೊಂಡು ಬಂದ. ಕಣ್ಣು ಕೆಂಪಾಗಿದ್ದವು. "ಸರ, ನಿಮ್ಮ ಗಡಿ ಅಂಕಿ ಅಲ್ಲೇ ನಿಂತಾವಂತ ಬಾಗೇವಾಡಿಯವರು ಕೇಳಾಕತ್ತಾರು. ಏನಾಗೇತ್ರಿ?"

"ಸಿಂದಗಿ ಲಕೋಟಿ ಬರವಲ್ದು," ಎಂದ ಶ್ರೀಶೈಲಪ್ಪ. ಬಾಯಿಂದ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು.

ಧರೆಪ್ಪ ನೆಟ್ಟಗೆ ಬಸ್ ಡಿಪೋಕ್ಕೆ ಹೋದ. ದಾವಲಮಲಿಕನ ಮೇಲೆ ರಿಪೋರ್ಟ್ ಆಯಿತು. ಕೊಟ್ಟಿದ್ದೇನೆ ಎಂದು ಅವನು ಹೇಳಿದರೂ ಸಾಕ್ಷಿ ಇರಲಿಲ್ಲ. ವಿಚಾರಣೆ ಮುಗಿಯುವ ತನಕ ಅವನನ್ನು ಬಸ್ಸಿನಿಂದ ಇಳಿಸಿ ಡಿಪೋದಲ್ಲಿ ಕೂಡಿಸಿದರು. ಮರುದಿನದಿಂದ ಧರೆಪ್ಪನೇ ಬಸ್ ಸ್ಟ್ಯಾಂಡಿಗೆ ಹೋಗಿ ಲಕೋಟೆ ಇಸಿದುಕೊಂಡು ಶ್ರೀಶೈಲಪ್ಪನ ಕೈಗೆ ತಂದು ಕೊಡತೊಡಗಿದ. ಮುಚ್ಚಿಡುವ ದಾರಿ ಇರಲಿಲ್ಲ. ಲೆಕ್ಕ ಮತ್ತೆ ಸಾಗಿತು, ಗಡುವಿಗಿಂತ ಮೂರು ದಿನ ಹೆಚ್ಚು ಹಿಡಿಯಿತು.

ಕಾರ್ಯಾಗಾರದ ದಿನ ಬೆಳಿಗ್ಗೆ ಶ್ರೀಶೈಲಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ದಾವಲಮಲಿಕ ಬಾಗಿಲಲ್ಲಿ ನಿಂತಿದ್ದ. ಖಾಕಿ ಹಾಕಿರಲಿಲ್ಲ. ಕಸ್ತೂರೆವ್ವ ಚಹಾ ಕೊಟ್ಟಳು. ಅವನು ಬಟ್ಟಲನ್ನು ಹಿಡಿದುಕೊಂಡೇ ನಿಂತ, ಕುಡಿಯಲಿಲ್ಲ.

"ಸರ, ಹನ್ನೊಂದು ವರ್ಷದ ನೌಕರಿ. ಒಂದು ಸಾಮಾನು ಕಳದವ ಅಲ್ಲ ನಾ. ನಾಕೂ ದಿವಸ ನಿಮ್ಮ ಕೈಯಾಗ ಕೊಟ್ಟೇನಿ. ಹೌದಲ್ರಿ?"

"ನೋಡೋಣು," ಎಂದ ಶ್ರೀಶೈಲಪ್ಪ.

"ಒಂದು ಚೀಟಿ ಬರದು ಕೊಡ್ರಿ ಸರ, ಸಾಕು."

"ಇವತ್ತು ಕಾರ್ಯಕ್ರಮ ಐತಿ. ಆಮ್ಯಾಲೆ ನೋಡೋಣು."

ದಾವಲಮಲಿಕ ಹೋದ ಮೇಲೆ ಕಸ್ತೂರೆವ್ವ ತಣ್ಣಗಾದ ಚಹಾದ ಬಟ್ಟಲು ಎತ್ತಿಕೊಂಡು ಗಂಡನ ಮುಖ ನೋಡಿದಳು. "ಅಂವ ಕೊಟ್ಟಿದ್ದ ಖರೆ ಏನು?" ಶ್ರೀಶೈಲಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ.

ಕಾಲೇಜಿನ ದೊಡ್ಡ ಕೋಣೆಯಲ್ಲಿ ನಾಲ್ಕೂ ಊರಿನ ನಲವತ್ತು ಮಂದಿ ಕೂತಿದ್ದರು. ಧರೆಪ್ಪ ನೂರಾ ನಲವತ್ತನಾಲ್ಕು ಅಂಕಿಗಳನ್ನು ದೊಡ್ಡ ಹಾಳೆಯ ಮೇಲೆ ಬರೆದು ತೂಗು ಹಾಕಿದ್ದ. ಬಸಂತರಾಯರು ತಮ್ಮ ಚೀಲದಿಂದ ಮುಂಬಯಿಯ ಯಂತ್ರ ಅಚ್ಚು ಹಾಕಿಕೊಟ್ಟ ಉತ್ತರವನ್ನು ತೆಗೆದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೊಂದೇ ಅಂಕಿಯನ್ನು ಹೋಲಿಸಿ ನೋಡಿದರು. ಶ್ರೀಶೈಲಪ್ಪ ಅವರ ಬೆರಳನ್ನೇ ನೋಡುತ್ತ ಕೂತಿದ್ದ. ಬೆರಳು ಮುದ್ದೇಬಿಹಾಳದ ಮೂಲೆಗೆ ಬಂತು, ದಾಟಿತು.

"ಎಲ್ಲಾ ಸರಿ ಅದಾವು," ಎಂದರು ಬಸಂತರಾಯರು. "ಒಂದೂ ತಪ್ಪಿಲ್ಲ."

ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಧರೆಪ್ಪ ಇನ್ನೊಂದು ಹಾಳೆ ಬಿಚ್ಚಿದ. ನಡುವೆ ನಾಲ್ಕು ದಿನ ಸಿಂದಗಿಯ ಲಕೋಟೆ ಬರಲಿಲ್ಲ, ಮುದ್ದೇಬಿಹಾಳದವರು ಹಳೆಯ ಅಂಕಿಯ ಮೇಲೆಯೇ ಲೆಕ್ಕ ಮಾಡಿದರು, ಆದರೂ ಉತ್ತರ ಕೆಡಲಿಲ್ಲ, ತಡವಾಯಿತು ಅಷ್ಟೇ ಎಂದ. ಬಸಂತರಾಯರು ಕುರ್ಚಿ ಬಿಟ್ಟು ಎದ್ದೇಬಿಟ್ಟರು.

"ತಡೀರಿ, ತಡೀರಿ. ನಮ್ಮಲ್ಲಿ ಒಂದು ಯಂತ್ರದ ಅಂಕಿ ಬರೂತನಕ ಉಳಿದವು ಕೈ ಕಟಗೊಂಡು ಕುಂದರಬೇಕಂತ ತಿಳಕೊಂಡೇವಿ. ಕಾಯೋದ್ರಾಗ ಅರ್ಧ ಹೊತ್ತು ಹೋಗ್ತದ. ಕಾಯದಿದ್ರೂ ನಡೀತದ ಅಂತ ಅಮೆರಿಕಾದಾಗ ಯಾರೋ ಬರದಾರ, ಕೇಳೇನಿ. ಕಣ್ಣಿಲೆ ನೋಡಿದ್ದು ಇಲ್ಲೇ. ಇಡೀ ಕಾರ್ಯಾಗಾರದಾಗ ಹೆಚ್ಚಿನ ಮಾತು ಇದ! ಶಾಬಾಸ್, ಧರೆಪ್ಪ!"

ಶ್ರೀಶೈಲಪ್ಪ ಹಾಳೆಯ ಮೇಲಿನ ತನ್ನ ಮೂಲೆಯನ್ನು ನೋಡಿದ. ತಾನು ಮಾಡಿದ ಕೇಡಿಗೂ ಹಾರ ಬೀಳುತ್ತಿರುವುದು ಧರೆಪ್ಪನ ಕೊರಳಿಗೇ!

"ಲಕೋಟಿ ಯಾಕ ತಡಾ ಆತು?" ಎಂದು ಬಸಂತರಾಯರು ಕೇಳಿದರು.

"ಕಂಡಕ್ಟರ್ ಕಳದನಂತ್ರಿ," ಎಂದ ಧರೆಪ್ಪ.

ಶ್ರೀಶೈಲಪ್ಪ ಎದ್ದು ನಿಂತ. ಯಾಕೆ ಎದ್ದೆ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾನೆ. ದಾವಲಮಲಿಕ ಕುಡಿಯದೆ ಹಿಡಿದುಕೊಂಡಿದ್ದ ಚಹಾ ಕಣ್ಣ ಮುಂದಿದ್ದದ್ದು ನಿಜ. ಆ ಶಾಬಾಸ್‌ಗಿರಿ ತಡೆಯಲಾಗದೆ ಎದ್ದದ್ದೂ ಅಷ್ಟೇ ನಿಜ.

"ಕಂಡಕ್ಟರಂದು ತಪ್ಪಿಲ್ಲ. ನಾಕೂ ಲಕೋಟಿ ನನ್ನ ಕೈಗೆ ಬಂದಾವು. ನಾ ಒಡೀಲಿಲ್ಲ."

ಬಸಂತರಾಯರ ಮುಖ ಅರಳಿತು. "ಬೇಕಂತ? ಪರೀಕ್ಷಾ ಮಾಡಿ ನೋಡಾಕ?"

ನಲವತ್ತು ತಲೆಗಳು ತಿರುಗಿದವು. ಹೌದು ಎಂದರೆ ಮುಗಿಯಿತು. ಶಾಬಾಸ್ ತನ್ನ ಕಡೆ ಬರುತ್ತದೆ, ಹೆಸರು ಮೊದಲ ಪುಟಕ್ಕೆ ಏರುತ್ತದೆ. ಶ್ರೀಶೈಲಪ್ಪ ಧರೆಪ್ಪನನ್ನು ನೋಡಿದ. ಧರೆಪ್ಪನಿಗೆ ಎಲ್ಲ ತಿಳಿದುಹೋಗಿತ್ತು. ಅವನು ಕೈಯಲ್ಲಿದ್ದ ಸೀಮೆಸುಣ್ಣದ ತುಂಡನ್ನು ನೋಡುತ್ತ ನಿಂತಿದ್ದ.

"ಇಲ್ರಿ," ಎಂದ ಶ್ರೀಶೈಲಪ್ಪ. "ಪರೀಕ್ಷಾಕ್ಕಲ್ಲ. ಹೊಟ್ಟಿಕಿಚ್ಚಿಗೆ."

ಹಿಂದಿನ ಸಾಲಿನಲ್ಲಿ ಇಬ್ಬರು ಚೇಷ್ಟೆಯೆಂದು ತಿಳಿದು ನಕ್ಕರು. ಉಳಿದವರು ನಗದೆ ಇದ್ದದ್ದನ್ನು ಕಂಡು ಅವರೂ ಸುಮ್ಮನಾದರು. ಶ್ರೀಶೈಲಪ್ಪ ಸಾಲು ದಾಟಿ ಹೊರಗೆ ನಡೆದ. ನೆಟ್ಟಗೆ ಡಿಪೋಕ್ಕೆ ಹೋಗಿ, ನಿಂತಲ್ಲೇ ಹಾಳೆ ಇಸಿದುಕೊಂಡು, ಲಕೋಟೆ ಮುಚ್ಚಿಟ್ಟವನು ತಾನು ಎಂದು ಬರೆದು ಸಹಿ ಮಾಡಿ ಕೊಟ್ಟ. ದಾವಲಮಲಿಕ ಅದನ್ನು ಎರಡು ಸಲ ಓದಿಕೊಂಡ. ಧನ್ಯವಾದ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಒಂದು ವಾರ ಕಾಲೇಜಿನಲ್ಲಿ ಶ್ರೀಶೈಲಪ್ಪನ ಜೊತೆ ಯಾರೂ ಹೆಚ್ಚು ಮಾತಾಡಲಿಲ್ಲ. ಎಂಟನೆಯ ದಿನ ಧರೆಪ್ಪ ಮನೆಗೆ ಬಂದ. ಕಸ್ತೂರೆವ್ವ ಹಾಕಿದ ಕುರ್ಚಿಯಲ್ಲಿ ಕೂಡಲಿಲ್ಲ.

"ನಾಕ ದಿವಸ ನನ್ನ ಲೆಕ್ಕದ ಬುಡದಾಗ ತಪ್ಪೈತಿ ಅನಕೊಂಡು ಸತ್ತೇನ್ರಿ ಸರ. ಮುಂಬಯಿಗೆ ಕಾಗದ ಬರದಿದ್ದೆ, ಬರಬ್ಯಾಡ್ರಿ ಅಂತ. ಹಾಕೂದೊಂದು ಬಾಕಿ ಇತ್ತು. ನಮ್ಮವ್ವನ ಹೆಸರು ಕೆಡತಿತ್ತು ನನ್ನ ಜೋಡಿ."

"ತಪ್ಪಾತು," ಎಂದ ಶ್ರೀಶೈಲಪ್ಪ.

ಧರೆಪ್ಪ ಚೀಲದಿಂದ ಹಾಳೆಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟ. "ಹಳೇ ಅಂಕಿ ಹಿಡದ್ರೂ ಉತ್ತರ ಯಾಕ ಕೆಡಲಿಲ್ಲ ಅನ್ನೂದು ಸಾಧಿಸಿ ತೋರಸ್ರಿ ಅಂತ ಬಸಂತರಾಯರು ಬರದಾರ. ನನ್ನ ಕೈಲೆ ಆಗವಲ್ದು. ನಿಮ್ಮ ಕೈಲೆ ಆಗ್ತದ. ಬ್ಯಾರೆ ಯಾರರ ಇದ್ದಿದ್ರ ಇಲ್ಲಿಗೆ ಬರತಿದ್ದಿಲ್ಲ."

ಶ್ರೀಶೈಲಪ್ಪ ಮೂರು ವಾರ ಕೂತ. ತಪ್ಪಿನ ಅಳತೆ ಎಷ್ಟೇ ಇರಲಿ, ಸರಾಸರಿ ತೆಗೆದಾಗ ಅದು ಸುತ್ತಲಿನ ದೊಡ್ಡ ತಪ್ಪಿಗಿಂತ ದೊಡ್ಡದಾಗುವುದು ಸಾಧ್ಯವಿಲ್ಲ. ಅಂಚಿನ ನಿಜವಾದ ಬಿಸಿ ಒಳಗೆ ಹರಿದು ಬಂದಂತೆಲ್ಲ ತಪ್ಪು ಸವೆಯುತ್ತಲೇ ಹೋಗಬೇಕು. ಅಂಕಿ ಹಳೆಯದಾದರೆ ಸವೆಯುವುದು ತಡವಾಗುತ್ತದೆ, ನಿಲ್ಲುವುದಿಲ್ಲ. ಇದನ್ನು ಸಾಲು ಸಾಲಾಗಿ ಕಟ್ಟಿ ಮುಗಿಸಿದ ದಿನ ಅವನಿಗೆ ಇಪ್ಪತ್ತೆರಡು ವರ್ಷದಲ್ಲಿ ಆಗದಷ್ಟು ಖುಷಿಯಾಯಿತು. ಕಸ್ತೂರೆವ್ವನನ್ನು ಕರೆದು ಕೂರಿಸಿ, ಅವಳಿಗೆ ತಿಳಿಯದಿದ್ದರೂ, ಪೂರಾ ಹೇಳಿದ.

ಅಧ್ಯಾಪಕರ ಸಂಘದ ತ್ರೈಮಾಸಿಕಕ್ಕೆ ಲೇಖನ ಸಿದ್ಧವಾಯಿತು. ಯಾರ ಹೆಸರು ಮೊದಲು ಎಂಬ ಮಾತು ಬಂತು.

"ಹಿರೇರು ನೀವು. ಸಾಧಿಸಿದವರೂ ನೀವು. ನಿಮ್ಮದ ಇರಲಿ," ಎಂದ ಧರೆಪ್ಪ.

"ಬ್ಯಾಡ. ಅಕಾರಾದಿ ಪ್ರಕಾರ ಹಾಕೋಣು," ಎಂದ ಶ್ರೀಶೈಲಪ್ಪ. ತನ್ನ ಕೈಯಾರೆ ಮೊದಲು ಧರೆಪ್ಪ, ಅದರ ಕೆಳಗೆ ಶ್ರೀಶೈಲಪ್ಪ ಎಂದು ದುಂಡಗೆ ಬರೆದ. ಧರೆಪ್ಪ ಆ ದಿನ ಮೊದಲ ಸಲ ಅವರ ಮನೆಯಲ್ಲಿ ಕೂತು ಚಹಾ ಕುಡಿದು ಹೋದ.

ಪೋಸ್ಟ್ ಆಫೀಸು ಮನೆಯಿಂದ ನಾಲ್ಕು ಹೆಜ್ಜೆ. ಲೇಖನದ ಲಕೋಟೆ ಹಿಡಿದು ಅಲ್ಲಿಗೆ ಹೋಗಿ ಮುಟ್ಟುವಷ್ಟರಲ್ಲಿ ಶ್ರೀಶೈಲಪ್ಪನಿಗೆ ಹೊಟ್ಟೆಯಲ್ಲಿ ಆ ಗುರುತಿನ ಉರಿ ಎದ್ದಿತು. ಹಿರಿತನದ ಪ್ರಕಾರ ಎಂದು ಧರೆಪ್ಪನೇ ಹೇಳಿದ್ದನಲ್ಲ, ಒಪ್ಪಿಕೊಂಡಿದ್ದರೆ ಏನಾಗುತ್ತಿತ್ತು? ಪೆಟ್ಟಿಗೆಯ ಮುಂದೆ ಅವನು ಸ್ವಲ್ಪ ಹೊತ್ತು ನಿಂತ. ಹಿಂದೆ ಕಾಗದ ಹಾಕಲು ಬಂದ ಮುದುಕಿಯೊಬ್ಬಳು, "ಹಾಕ್ತಿಯೋ, ಹಾದಿ ಬಿಡ್ತಿಯೋ ಯಪ್ಪಾ?" ಎಂದಳು.

ಶ್ರೀಶೈಲಪ್ಪ ಹಾಕಿದ.