ಎರಡಕ್ಷರಕ್ಕೊಂದು ಪ್ಯಾರಾ

ಮತ್ತೆ ಒತ್ತಿದ. ಮತ್ತೆ ಬಂತು.

'ಒಳ್ಳೆ' ಎಂದು ಬರೆದು ಕೀಲಿ ಒತ್ತಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲೆ ಇಡೀ ಪ್ಯಾರಾ ಮೂಡುತ್ತಿತ್ತು: "ಪ್ರಾಮಾಣಿಕರು, ಸಮಯಪಾಲನೆಯುಳ್ಳವರು, ಸಹೋದ್ಯೋಗಿಗಳೊಡನೆ ಹೊಂದಿಕೊಂಡು ಹೋಗುವವರು. ಮುಂದಿನ ಬಡ್ತಿಗೆ ಪರಿಗಣಿಸಬಹುದು." ಒಂದು ಅಲ್ಪವಿರಾಮವೂ ಆಚೀಚೆ ಆಗಿರಲಿಲ್ಲ.

"ಸಾಕು ಸಾರ್. ಎಷ್ಟು ಸಲ ಒತ್ತಿದ್ರೂ ಅದೇ ಬರೋದು," ಎಂದಳು ಕಲಿಸಲು ಬಂದಿದ್ದ ಹುಡುಗಿ.

ಕಂಪ್ಯೂಟರಿನಲ್ಲಿ ಬರೆಯುವ ಸುಲಭ ಉಪಾಯಗಳನ್ನು ಕಚೇರಿಯವರಿಗೆ ಹೇಳಿಕೊಡಲು ಅವಳನ್ನು ಕರೆಸಿದ್ದರು. ಪದೇ ಪದೇ ಬೇಕಾಗುವ ಗುಂಡಿಗಳನ್ನು ಮೇಲಿನ ಪಟ್ಟಿಗೆ ತಂದಿಟ್ಟುಕೊಳ್ಳಿ. ಅಕ್ಷರದ ಗಾತ್ರ, ಅಂಚಿನ ಅಳತೆ ಒಮ್ಮೆ ಹೇಳಿಟ್ಟರೆ ಹೊಸ ಪುಟ ಯಾವಾಗಲೂ ಹಾಗೇ ತೆರೆದುಕೊಳ್ಳುತ್ತದೆ. ಮತ್ತೆ ಮತ್ತೆ ಬರೆಯುವ ಮಾತಿಗೆ ಎರಡಕ್ಷರದ ಗುರುತು ಕೊಡಿ, ಉಳಿದದ್ದನ್ನು ಅದೇ ಬರೆದುಕೊಳ್ಳುತ್ತದೆ. ಬೇರೆಯವರು ಆಕಳಿಸುತ್ತಿದ್ದರು. ಅವನು ಮಾತ್ರ ಬಿಟ್ಟ ಬಾಯಿ ಮುಚ್ಚಿರಲಿಲ್ಲ.

ಅವನು ಸಿಬ್ಬಂದಿ ವಿಭಾಗದ ಅಧಿಕಾರಿ. ಓದಿದ್ದು ಮನಶ್ಶಾಸ್ತ್ರ. ವರ್ಷಕ್ಕೊಮ್ಮೆ ಪ್ರತಿಯೊಬ್ಬ ನೌಕರನ ಗುಣ, ನಡತೆಯ ಬಗ್ಗೆ ವರದಿ ಬರೆಯುವುದು ಅವನ ಕೆಲಸ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಬರೆಯುವುದರಲ್ಲಿ ಅವನದು ಎತ್ತಿದ ಕೈ. ಆದರೂ ಒಬ್ಬೊಬ್ಬರನ್ನೂ ಬೇರೆಯಾಗಿ ಕಂಡೇ ಬರೆಯುತ್ತೇನೆಂದು ಅವನು ನಂಬಿದ್ದ.

ಮಧ್ಯಾಹ್ನ ಲ್ಯಾಪ್‌ಟಾಪಿನ ಮುಂದೆ ಕೂತು ಉಳಿದ ಗುರುತುಗಳನ್ನೂ ಮಾಡಿಕೊಂಡ. ಕೆಲಸ ಮಾಡುವವರಿಗೆ 'ಒಳ್ಳೆ' ಆಗಲೇ ಇತ್ತು. ಸೋಮಾರಿಗಳಿಗೆ 'ನಿಧಾ'. ಬಾಯಿಬಡುಕರಿಗೆ 'ಉತ್ಸಾ'. ಇನ್ನು ಯಾರಿದ್ದಾರೆ ಎಂದು ಯೋಚಿಸಿದ. ಯಾರೂ ಉಳಿದಿರಲಿಲ್ಲ. ಇಡೀ ಕಚೇರಿ ಅಷ್ಟರಲ್ಲೇ ಹಿಡಿಸಿಬಿಟ್ಟಿತ್ತು. ಅಬ್ಬಾ, ಎಂಥ ಮಾಯೆ ಇದು ಎನಿಸಿ ಅವನಿಗೆ ನಿಜಕ್ಕೂ ಮೈ ಜುಮ್ಮೆಂದಿತು.

ಗುಮಾಸ್ತ ಬಾಗಿಲಲ್ಲಿ ಇಣುಕಿದ. "ನಂದು ಆಯ್ತಾ ಸಾರ್?"

"ಆಯ್ತು."

"ಏನ್ ಬರೆದ್ರಿ?"

"ಒಳ್ಳೇದೇ."

"ಹೋದ ವರ್ಷಾನೂ ಒಳ್ಳೇದೇ ಬರೆದಿದ್ರಿ," ಎಂದ ಗುಮಾಸ್ತ, ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ಹೊರಟುಹೋದ.

ಮನೆಯಲ್ಲಿ ಇನ್ನೊಂದು ಬರವಣಿಗೆ ಕಾದಿತ್ತು. ಮಗಳು ಚಿತ್ರಕಲೆಯ ಶಾಲೆಗೆ ಸೇರಬೇಕೆಂದು ಪಟ್ಟುಹಿಡಿದಿದ್ದಳು. ಅರ್ಜಿಗೆ ಚಿತ್ರಗಳಲ್ಲದೆ, ಮಗುವನ್ನು ಚೆನ್ನಾಗಿ ಬಲ್ಲವರು ಅದರ ಬಗ್ಗೆ ಬರೆದ ಒಂದು ಪುಟವೂ ಬೇಕು. ಚಿತ್ರಗಳಿಗೆ ಎಷ್ಟು ತೂಕವೋ ಆ ಪುಟಕ್ಕೂ ಅಷ್ಟೇ. ಕಳಿಸಲು ಇವತ್ತೇ ಕೊನೆ.

"ಅಮ್ಮನ ಹತ್ರ ಬರೆಸ್ಕೋ," ಎಂದು ಬೆಳಿಗ್ಗೆ ತಪ್ಪಿಸಿಕೊಳ್ಳಲು ನೋಡಿದ್ದ.

"ಅಮ್ಮ ನನ್ ಬಗ್ಗೆ ದಿನಾ ಏನಾದ್ರೂ ಹೇಳ್ತಾನೇ ಇರ್ತಾಳೆ. ನೀನು ಏನೂ ಹೇಳಲ್ವಲ್ಲ. ನೀನೇ ಬರಿ."

ಈಗ ಕಚೇರಿಯ ಲ್ಯಾಪ್‌ಟಾಪ್ ತೆರೆದು ಕೂತ. ಬೆರಳು ತಾನಾಗಿ ಓಡಿತು. 'ಒಳ್ಳೆ' ಒತ್ತಿದ, 'ಉತ್ಸಾ' ಒತ್ತಿದ. 'ರು' ಇದ್ದಲ್ಲಿ 'ಳು' ಮಾಡಿದ, ಸಹೋದ್ಯೋಗಿಗಳನ್ನು ಸಹಪಾಠಿಗಳನ್ನಾಗಿಸಿದ. ಕಾಫಿ ಆರುವ ಮೊದಲೇ ಪುಟ ತುಂಬಿತು. ಚೆನ್ನಾಗಿಯೇ ಬಂದಿದೆ ಎನಿಸಿ ಮಗಳನ್ನು ಕರೆದ.

ಅವಳು ನಿಂತೇ ಓದಿದಳು.

"ಅಪ್ಪ, ನಂಗೆ ಬಡ್ತಿ ಕೊಡ್ತಾರಾ?"

ಅವನು ನಕ್ಕ. ಅವಳು ನಗಲಿಲ್ಲ.

"ಯಾರಪ್ಪ ಇವಳು?"

"ನೀನೇ."

"ಇವಳನ್ನ ನಾನು ನೋಡೇ ಇಲ್ಲ. ಅಳಿಸಿ ಬೇರೆ ಬರಿ."

"ಹೋಗ್ಲಿ, ನಾನ್ ಬರೀಲಾ?" ಎಂದಳು ಹೆಂಡತಿ, ಒಳಗಿನಿಂದ.

"ಬೇಡಮ್ಮ. ಅಪ್ಪಾನೇ ಬರೀಲಿ."

ಆ ಮಾತಿನಲ್ಲಿ ಇನ್ನೂ ಆಸೆ ಇತ್ತು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಎಲ್ಲ ಅಳಿಸಿದ. ಹೊಸ ಪುಟ ತೆರೆದುಕೊಂಡಿತು, ಅವನು ಹೇಳಿಟ್ಟ ಅಂಚಿನೊಡನೆ, ಬೆಳ್ಳಗೆ. 'ನನ್ನ ಮಗಳು' ಎಂದು ಬರೆದ. ನನ್ನ ಮಗಳು ಚಿತ್ರ ಬರೆಯುತ್ತಾಳೆ. ಏನು ಬರೆಯುತ್ತಾಳೆ? ತೋರಿಸಿದ್ದಳು, ಎಷ್ಟೋ ಸಲ. ಪ್ರತಿ ಸಲವೂ ಅವನು 'ಚೆನ್ನಾಗಿದೆ' ಎಂದಿದ್ದ. ಒಂದಾದರೂ ಚಿತ್ರ ನೆನಪಿಗೆ ಬರಲಿ ಎಂದು ಕಣ್ಣು ಮುಚ್ಚಿದ. ಬಂದದ್ದು ತನ್ನದೇ ದನಿ, ಚೆನ್ನಾಗಿದೆ. ಅವಳು ಯಾವುದಕ್ಕೆ ಅಳುತ್ತಾಳೆ, ಯಾರನ್ನು ಕಂಡರೆ ಆಗುವುದಿಲ್ಲ, ಏನೂ ಗೊತ್ತಿರಲಿಲ್ಲ. ಒಂದೇ ಸೂರಿನಡಿ ಉಂಡು ಮಲಗುವವಳು. ಅವನಿಗೆ ಹೆದರಿಕೆಯಾಯಿತು. 'ನನ್ನ ಮಗಳು' ಎಂಬುದನ್ನೂ ಅಳಿಸಿದ. ಸುಮ್ಮನಿರಲಾರದ ಬೆರಳು ಪದಗಳ ನಡುವೆ ಜಾಗ ಬಿಡುವ ಉದ್ದ ಕೀಲಿಯನ್ನು ಬಡಿಯುತ್ತ, ಆಗಾಗ ಮುಂದಿನ ಸಾಲಿಗೆ ಹೋಗುವುದನ್ನು ಒತ್ತುತ್ತ ಇತ್ತು. ಹಾಗೇ ಕೂತಿದ್ದ.

"ಆಯ್ತಾ?" ಮಗಳು ಬಂದು ಹಿಂದೆ ನಿಂತಳು.

"ಬರೀತಾ ಇದೀನಿ."

ಅವಳು ಬಗ್ಗಿ ನೋಡಿದಳು. ಪುಟ ಖಾಲಿ. "ಬರೀದೆ ಅದ್ಯಾಕೆ ಇಷ್ಟು ಕೆಳಗೆ ಬಂದಿದೀಯ?" ಎಂದವಳೇ ಕೈ ಚಾಚಿ, ಕಲಿಸಿದ ಹುಡುಗಿ ತೋರಿಸದ ಯಾವುದೋ ಗುಂಡಿ ಒತ್ತಿದಳು. "ಇದನ್ನ ಒತ್ತಿದ್ರೆ ಕಾಣದೇ ಇರೋದೂ ಕಾಣುತ್ತೆ."

ಚುಕ್ಕಿಗಳು ಎದ್ದುಬಂದವು. ಬಿಟ್ಟ ಒಂದೊಂದು ಜಾಗಕ್ಕೂ ಒಂದೊಂದು ಚುಕ್ಕಿ, ಸಾಲಿನ ಕೆಳಗೆ ಸಾಲು, ಇರುವೆ ಹರಿದ ಹಾಗೆ. ಅವನು ಮುಂದಕ್ಕೆ ಬಾಗಿ ನೋಡಿದ. ತಾನು ಹೇಳದೆ ಬಿಟ್ಟದ್ದನ್ನೆಲ್ಲ ಆ ಯಂತ್ರ ಒಂದೂ ತಪ್ಪದೆ ಬರೆದುಕೊಂಡಿತ್ತು. ಕೈ ಮುಗಿಯಬೇಕೆನಿಸಿತು. ಇಷ್ಟು ನಿಜವಾದ ವರದಿಯನ್ನು ಅವನು ಯಾರ ಬಗ್ಗೆಯೂ ಬರೆದಿರಲಿಲ್ಲ.

"ಇದನ್ನೇ ಕಳಿಸ್ಲಾ ಅಪ್ಪ?"

ತಮಾಷೆಯೋ, ಅಳುವೋ? ಆ ದನಿಯ ಗುರುತು ಅವನಿಗೆ ಸಿಗಲಿಲ್ಲ. ಬೆರಳು ಹಿಂದಿನ ಪುಟಕ್ಕೆ ಸರಿಸಿತು. ಇನ್ನೊಂದು ಪುಟ ಬಂತು, ಅದರ ತುಂಬ ಚುಕ್ಕಿ. ಮತ್ತೆ ಸರಿಸಿದ. ಅದರ ಹಿಂದೆಯೂ ಇದ್ದವು.