ಕಾಮನ ಕಣ್ಣು

ಅರಿಶಿನಕ್ಕೆ ಸುಣ್ಣ ಬಿದ್ದ ವಾಸನೆ, ಬೋಗುಣಿಯಲ್ಲಿ ಓಕುಳಿ ಕೆಂಪಗಾಗುತ್ತಿದೆ, ಕೆಂಪಾದರೇನು ಬಂತು, ಕಾಮ ಕಣ್ಣು ಬಿಟ್ಟು ನೋಡುತ್ತಿದ್ದಾನಲ್ಲ — ಅಯ್ಯೋ ಶಿವನೇ, ಶಿವಮ್ಮನ ಕೈಯಲ್ಲಿ ಕುಂಚ ಇನ್ನೂ ಹಸಿ, ಬಟ್ಟೆಯ ಮೇಲೆ ಗಿಳಿಯೇರಿದ ಕಾಮ, ಎದುರಿಗೆ ಬಿಂದಿಗೆ ಎತ್ತಿದ ರತಿ, ಸುತ್ತ ಓಕುಳಿಯಾಡುವ ಹೆಂಗಸರು, ಎಲ್ಲರಿಗೂ ಕಣ್ಣು ಬರೆದ ಭರದಲ್ಲಿ ಅವನಿಗೂ ಬರೆದುಬಿಟ್ಟಳು, ಎರಡು ಕರಿ ಬೊಟ್ಟು, ಮುಗಿಯಿತು. ಸುಡುವ ಕಾಮನಿಗೆ ಕಣ್ಣು ಬರೀಬಾರ್ದು ಕಣೋ, ನೋಡ್ತಿರೋನ್ನ ಯಾರು ಸುಟ್ಟಾರು — ಮಾವ ಕಲ್ಲೇಶಪ್ಪ ಹೇಳಿದ್ದು ಮಗನಿಗೆ, ಅವಳ ಗಂಡನಿಗೆ, ಅವಳು ಮೂಲೆಯಲ್ಲಿ ಬಣ್ಣ ಅರೆಯುತ್ತಾ ಕೇಳಿಸಿಕೊಂಡದ್ದು, ಅರೆಯುವವಳ ಕೈಗೆ ಕುಂಚ ಯಾರು ಕೊಡುತ್ತಾರೆ, ಆ ಮಗ ಬಿಳಿ ದೊರೆಯ ಕಾಫಿ ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರಾಗಿ ಹೋದ, ಈ ವರ್ಷ ಚಳಿಜ್ವರ ಮಾವನ ಬೆರಳುಗಳನ್ನೇ ಹಿಡಿದು ನಡುಗಿಸಿತು, ಮಾವ ಬರೀತಾವ್ರೆ, ಒಳಗೆ ಬರ್ಬ್ಯಾಡಿ ಎಂದು ಊರಿಗೆ ಸುಳ್ಳು, ನಿಮ್ಮ ಮಗ ಬಂದು ಬರೀತಾವ್ರೆ ಎಂದು ಕ್ವಿನೈನ್ ಕುಡಿದು ಮಲಗಿದ ಮಾವನಿಗೆ ಸುಳ್ಳು, ಒಂಬತ್ತು ದಿನ, ಆಹಾ, ಎಂಥ ಒಂಬತ್ತು ದಿನ, ರತಿಯ ಸೀರೆಯ ಒಂದೊಂದು ನಿರಿಗೆ ಬಿದ್ದಾಗಲೂ ಒಳಗೊಳಗೇ ನಕ್ಕಿದ್ದಳು. ಈಗ ನಗು ಸಾಕು, ಪಟೇಲ ಮಲ್ಲಪ್ಪ ನೋಡಿದರೆ ಬಟ್ಟೆಯನ್ನು ಬಾಗಿಲಿಗೆ ಎಸೆದು ಹೋಗುತ್ತಾನೆ, ಊರಿನ ಕಾಮನನ್ನು ಬರೆಯುವ ಕೆಲಸ ಇನ್ನು ಶನಿವಾರಸಂತೆಯ ಚಿತ್ರಗಾರರ ಪಾಲಿಗೆ, ಅವಳ ದೆಸೆಯಿಂದ.

ಕಾಮನನ್ನು ಸುಡಲು ಒಯ್ಯುವವರ ತಮಟೆ ಹತ್ತಿರ ಬರುತ್ತಿದೆ, ಬಿಳಿ ಬಳಿದರೆ ಒಣಗುವುದಿಲ್ಲ, ಕೆರೆದರೆ ಬಟ್ಟೆ ಹರಿಯುತ್ತದೆ, ಹಿಂದೆ ಕೆಮ್ಮು — ಕಂಬಳಿ ಹೊದ್ದ ಮಾವ ಬಾಗಿಲಲ್ಲಿ, ಎಷ್ಟು ಹೊತ್ತಿನಿಂದ ನಿಂತಿದ್ದರೋ, ಯಾರೇ ಬರೆದದ್ದು, ನಾನೇ ಮಾವ, ತಪ್ಪಾಯ್ತು ಮಾವ, ಅವರು ನಿರಿಗೆ ನೋಡಿದರು, ಗಿಳಿಯ ಕೊಕ್ಕು ನೋಡಿದರು, ಕಾಮನ ಮುಖಕ್ಕೆ ಬಂದು ನಿಂತರು, ಹೊಡೆಯಲಿ, ಹೊಡೆದರೂ ಸರಿಯೇ, ಆ ನಡುಗುವ ಕೈ ಬೋಗುಣಿಗೆ ಇಳಿಯಿತು, ಎದ್ದಿತು, ರತಿಯ ಬಿಂದಿಗೆಯ ಬಾಯಿಂದ ಕಾಮನ ಹಣೆಯವರೆಗೆ ಒಂದೇ ಎಳೆತ, ಎರಡೂ ಕಣ್ಣಿನ ಮೇಲೆ ಬಳಬಳ ಕೆಂಪು. ಹೆಂಡ್ತಿನೇ ಮುಖಕ್ಕೆ ಓಕುಳಿ ಎರಚಿದ್ಮೇಲೆ ಯಾವನು ಕಣ್ಣು ಬಿಟ್ಕಂಡಿರ್ತಾನೆ ಹೇಳು, ಮಾವ ನಗುತ್ತಿದ್ದಾರೆ, ಹಲ್ಲಿಲ್ಲದ ಬಾಯಿ ತೆರೆದು, ಮುಂದಿನ್ವರ್ಷ ಅವನ ಮುಖ ಕೊನೆಗಿಟ್ಕೋ, ನಿಧಾನಕ್ಕೆ ಬರಿ. ಮುಂದಿನ ವರ್ಷ — ಬರಿ ಅಂದರು, ಅವಳಿಗೇ ಅಂದರು, ಎದೆಯ ಮೇಲಿನ ಕಲ್ಲು ಇಳಿಯಿತು, ಅಳು ಬಂತು, ನಗುವೂ ಬಂತು, ಅಂಗಳದಲ್ಲಿ ಮಲ್ಲಪ್ಪನ ಗಂಟಲು, ಆಯ್ತೇನ್ರೀ ಕಲ್ಲೇಶಪ್ಪೋರೆ, ಆಯ್ತು ಬನ್ನಿ, ನಮ್ಮ ಸೊಸೆ ಮುಗಿಸವ್ಳೆ, ತಮಟೆ ನಿಂತಿತು, ಅವಳ ಬೆರಳುಗಳಲ್ಲಿ ಕುಂಚ, ಕೆಂಪು ಇಳಿಯುತ್ತಿದೆ, ಕೆನ್ನೆಗೆ, ಗಲ್ಲಕ್ಕೆ, ಗಿಳಿಯ ರೆಕ್ಕೆಗೆ, ಆ ಕೆಂಪಿನೊಳಗೆ ಅವಳೊಬ್ಬಳಿಗೇ ಕಾಣುವಂತೆ ಎರಡು ಕರಿ ಬೊಟ್ಟು, ಎರಡು ಕರಿ ಬೊಟ್ಟು